ಹೆಣ್ಣುಮಕ್ಕಳ ಅಪ್ಪ

ಮಗು ಹುಟ್ಟಿದ ಮನೆಗೆ ನೋಡಲು ಬಂದವರು ತೊಟ್ಟಿಲ ಮುಂದೆ ಕೂತು ಮೊದಲು ಮಾಡುವುದು ಮುಖದ ಲೆಕ್ಕಾಚಾರ. ಮೂಗು ತಾಯಿಯದು, ಹಣೆ ತಂದೆಯದು, ಕಿವಿ ಸೋದರಮಾವನದು ಎಂದು ಹಂಚಿಕೆ ನಡೆಯುತ್ತದೆ. ಹೆಣ್ಣುಮಗುವಾದರೆ ಯಾರಾದರೊಬ್ಬ ಹಿರಿಯರು ಒಂದು ಮಾತು ಸೇರಿಸುತ್ತಾರೆ: "ಥೇಟ್ ಅಪ್ಪನ ತಾಯೇ ಹುಟ್ಟಿ ಬಂದಿದ್ದಾಳೆ ನೋಡು." ಆ ಅಜ್ಜಿ ತೀರಿಕೊಂಡಿದ್ದರೆ ಮಾತಿಗೆ ಇನ್ನಷ್ಟು ಬಲ, ಹೆಸರನ್ನೂ ಅವಳದ್ದೇ ಇಡುತ್ತಾರೆ. ಮುಖಚಹರೆಯ ಮಟ್ಟಿಗೆ ವಿಜ್ಞಾನ ಇದನ್ನು ಪೂರ್ತಿ ಒಪ್ಪುವುದಿಲ್ಲ. ಮುಖವನ್ನು ರೂಪಿಸುವ ವಂಶವಾಹಿಗಳು ಎಲ್ಲ ವರ್ಣತಂತುಗಳಲ್ಲೂ ಚದುರಿಕೊಂಡಿವೆ. ಆದರೆ ಒಂದು ವರ್ಣತಂತುವಿನ ಮಟ್ಟಿಗೆ ಹಿರಿಯರ ಮಾತಿನಲ್ಲಿ ಬೆರಗಾಗುವಷ್ಟು ನಿಜವಿದೆ.

ನಮ್ಮ ಜೀವಕೋಶಗಳಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ಅಮ್ಮನ ಕಡೆಯದು, ಇನ್ನೊಂದು ಅಪ್ಪನ ಕಡೆಯದು. ಗಂಡಸಿನ ದೇಹದಲ್ಲಿ ವೀರ್ಯಾಣು ತಯಾರಾಗುವಾಗ 22 ಜೋಡಿಗಳು ಒಂದರ ಪಕ್ಕ ಒಂದು ಅಂಟಿ ನಿಂತು ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಅಜ್ಜನದು ಎಷ್ಟು, ಅಜ್ಜಿಯದು ಎಷ್ಟು ಎಂದು ಬಿಡಿಸಲಾಗದಂತೆ ಬೆರೆತುಹೋಗುತ್ತವೆ. 23ನೆಯ ಜೋಡಿಯ ಕಥೆಯೇ ಬೇರೆ. ಅಲ್ಲಿ ಗಂಡಸಿಗೆ ಇರುವುದು ಒಂದು ಎಕ್ಸ್, ಒಂದು ವೈ. ಎಕ್ಸ್ ದೊಡ್ಡದು, ಸುಮಾರು 15.5 ಕೋಟಿ ಅಕ್ಷರಗಳಷ್ಟು ಉದ್ದ, 800ಕ್ಕೂ ಹೆಚ್ಚು ವಂಶವಾಹಿಗಳು ಅದರಲ್ಲಿವೆ. ವೈ ಅದರ ಅರ್ಧದಷ್ಟೂ ಇಲ್ಲ. ಇವೆರಡು ತುದಿಗಳಲ್ಲಷ್ಟೇ ಹೊಂದಿಕೊಳ್ಳುವುದರಿಂದ ಆ ತುದಿಗಳನ್ನು ಬಿಟ್ಟರೆ ಅದಲುಬದಲಿಗೆ ಅಲ್ಲಿ ಜಾಗವಿಲ್ಲ. ಹೀಗಾಗಿ ತನ್ನ ತಾಯಿಯಿಂದ ಪಡೆದ ಎಕ್ಸನ್ನು ಅಪ್ಪ ಹೆಚ್ಚುಕಡಿಮೆ ಇದ್ದ ಹಾಗೆಯೇ ಮುಂದಕ್ಕೆ ದಾಟಿಸುತ್ತಾನೆ. ದಾಟಿಸುವುದಾದರೂ ಮಗಳಿಗೆ ಮಾತ್ರ. ಮಗನಿಗೆ ಸಿಗುವುದು ವೈ.

ಅಂದರೆ ಅಜ್ಜಿಯಿಂದ ಮಗನಿಗೆ ಬಂದದ್ದು ಒಂದು ತಲೆಮಾರು ಅವನಲ್ಲಿ ತಂಗಿದ್ದು, ಅಲ್ಲಿಂದ ಮೊಮ್ಮಗಳನ್ನು ಸೇರುತ್ತದೆ. ಇಬ್ಬರು ಹೆಣ್ಣುಮಕ್ಕಳಿದ್ದರೆ ಇಬ್ಬರಿಗೂ ಅಪ್ಪನ ಕಡೆಯಿಂದ ಬರುವುದು ಅದೇ ಎಕ್ಸ್. ಅಮ್ಮನ ಬಳಿ ಎರಡು ಎಕ್ಸ್ ಇರುವುದರಿಂದ ಆಕೆ ಪ್ರತಿ ಮಗುವಿಗೂ ಹೊಸದಾಗಿ ಬೆರೆಸಿ ಕೊಡುತ್ತಾಳೆ. ಅಪ್ಪನಿಗೆ ಆ ಆಯ್ಕೆಯಿಲ್ಲ. ಅಪ್ಪನಿಗೆ ಕೆಂಪು-ಹಸಿರು ವರ್ಣಾಂಧತೆ ಇದ್ದರೆ ಅದರ ವಂಶವಾಹಿ ಅವನ ಎಲ್ಲ ಹೆಣ್ಣುಮಕ್ಕಳಿಗೂ ಹೋಗುತ್ತದೆ, ಗಂಡುಮಕ್ಕಳಲ್ಲಿ ಒಬ್ಬನಿಗೂ ಹೋಗುವುದಿಲ್ಲ. ಹಾಗಿದ್ದೂ ಹೆಣ್ಣುಮಕ್ಕಳು ಸಾಮಾನ್ಯವಾಗಿ ಬಣ್ಣಗಳನ್ನು ಚೆನ್ನಾಗಿಯೇ ಗುರುತಿಸುತ್ತಾರೆ. ಏಕೆಂದರೆ, 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ತೋರಿಸಿಕೊಟ್ಟಂತೆ, ಹೆಣ್ಣುಭ್ರೂಣದ ಪ್ರತಿ ಜೀವಕೋಶವೂ ಬೆಳವಣಿಗೆಯ ಆರಂಭದಲ್ಲೇ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಸುಮ್ಮನಾಗಿಸುತ್ತದೆ. ಯಾವುದನ್ನು ಎಂಬುದು ಆಕಸ್ಮಿಕ. ಆ ಕೋಶದಿಂದ ಹುಟ್ಟುವ ಕೋಶಗಳೆಲ್ಲ ಅದೇ ತೀರ್ಮಾನಕ್ಕೆ ಬದ್ಧ. ಹೀಗೆ ಮಗಳ ಕಣ್ಣಿನ ಪರದೆಯಲ್ಲಿ, ಚರ್ಮದಲ್ಲಿ, ಮಿದುಳಿನಲ್ಲಿ ಅಪ್ಪನ ಎಕ್ಸ್ ಕೆಲಸ ಮಾಡುವ ತುಂಡುಗಳೂ ಅಮ್ಮನ ಎಕ್ಸ್ ಕೆಲಸ ಮಾಡುವ ತುಂಡುಗಳೂ ಕೌದಿಯಂತೆ ಅಕ್ಕಪಕ್ಕ ಹೊಂದಿಕೊಂಡಿರುತ್ತವೆ. ಕಣ್ಣಿನಲ್ಲಿ ಅಮ್ಮನ ಕಡೆಯ ತುಂಡುಗಳು ಬಣ್ಣದ ಕೆಲಸ ನಿಭಾಯಿಸುತ್ತವೆ. ಇಬ್ಬರು ಹೆಣ್ಣುಮಕ್ಕಳ ಅಪ್ಪನಾಗಿ ನಾನು ಈ ಸಂಗತಿಯನ್ನು ಎಷ್ಟು ಸಲ ಓದಿದರೂ ನನಗೆ ಹಳತಾಗಿಲ್ಲ.

ಮಗು ಹೆಣ್ಣಾಗುವುದೋ ಗಂಡಾಗುವುದೋ ಎಂಬುದು ನಿಂತಿರುವುದೂ ಈ ಎಕ್ಸ್-ವೈ ಮೇಲೆಯೇ. 1905ರಲ್ಲಿ ಅಮೆರಿಕದ ಬ್ರಿನ್ ಮಾರ್ ಕಾಲೇಜಿನ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹೆಣ್ಣುಹುಳುವಿನ ಕೋಶಗಳಲ್ಲಿ 20 ದೊಡ್ಡ ವರ್ಣತಂತು. ಗಂಡಿನಲ್ಲಿ 19 ದೊಡ್ಡವು, ಒಂದು ಚಿಕ್ಕದು. ಚಿಕ್ಕದನ್ನು ಹೊತ್ತ ವೀರ್ಯಾಣುವಿನಿಂದ ಗಂಡು, ದೊಡ್ಡದನ್ನು ಹೊತ್ತದ್ದರಿಂದ ಹೆಣ್ಣು. ಎಡ್ಮಂಡ್ ವಿಲ್ಸನ್ ಕೂಡ ಅದೇ ವರ್ಷ ಸ್ವತಂತ್ರವಾಗಿ ಇಂಥದೇ ನಿರ್ಣಯಕ್ಕೆ ಬಂದರು. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಂಗಿಸುವುದಕ್ಕೆ ಆಧಾರವೇ ಇಲ್ಲವೆಂದು ತಿಳಿದು 100 ವರ್ಷ ದಾಟಿದೆ. ಆದರೂ 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ದೇಶದಲ್ಲಿ ಇದ್ದ ಹೆಣ್ಣುಮಕ್ಕಳು 919. ಕರ್ನಾಟಕದಲ್ಲಿ 948. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಿಂದಲೂ ಇದೆ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗದಲ್ಲಿ ಇಂಥದ್ದು ನಡೆಯಿತೆಂಬ ಸುದ್ದಿ ಓದಿದ ದಿನ ಮನೆಯಲ್ಲಿ ನಮಗ್ಯಾರಿಗೂ ಊಟ ಸೇರಲಿಲ್ಲ.

ಆದರೆ ವರ್ಣತಂತು ದಾಟಿಸಿದ ಮಾತ್ರಕ್ಕೆ ಯಾರೂ ಅಪ್ಪನಾಗುವುದಿಲ್ಲ. ಸಸ್ತನಿಗಳ ಲೋಕದಲ್ಲಿ ಬಹುಪಾಲು ಗಂಡುಗಳ ಪಾತ್ರ ಅಲ್ಲಿಗೇ ಮುಗಿಯುತ್ತದೆ. ಮರಿಯ ಆರೈಕೆಗೆ ನಿಲ್ಲುವ ಗಂಡುಗಳಿರುವುದು, ಅಂದಾಜಿನಂತೆ, ನೂರು ಸಸ್ತನಿ ಪ್ರಭೇದಗಳಲ್ಲಿ ಐದರಿಂದ ಹತ್ತರಲ್ಲಿ. ಹಕ್ಕಿಗಳಲ್ಲಿ ಲೆಕ್ಕ ತಿರುವುಮುರುವು. ಹತ್ತರಲ್ಲಿ ಎಂಟೊಂಬತ್ತು ಪ್ರಭೇದಗಳಲ್ಲಿ ತಂದೆ ತಾಯಿ ಇಬ್ಬರೂ ದುಡಿಯುತ್ತಾರೆ. ದಾಂಡೇಲಿಯ ಕಾಡಿನ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಪೊಟರೆಯ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಲ್ಲಿ ಗಂಡು ವಾರಗಟ್ಟಲೆ ಆಲ, ಅತ್ತಿಯ ಹಣ್ಣು ತಂದು ಉಣಿಸುತ್ತದೆ. ನಮ್ಮ ಕೆರೆಗಳಲ್ಲಿ ತಾವರೆ ಎಲೆಯ ಮೇಲೆ ಉದ್ದುದ್ದ ಬೆರಳೂರಿ ನಡೆಯುವ ಜಕಾನಾ ಹಕ್ಕಿಯಲ್ಲಂತೂ ಮೊಟ್ಟೆಗೆ ಕಾವು ಕೊಡುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನದೇ ಜವಾಬ್ದಾರಿ. ಸಸ್ತನಿಗಳಲ್ಲಿ ಅಪರೂಪಕ್ಕೆ ದಕ್ಷಿಣ ಅಮೆರಿಕದ ಮಾರ್ಮೊಸೆಟ್ ಕೋತಿಗಳಿವೆ. ಅವಳಿ ಮರಿಗಳನ್ನು ಗಂಡು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಹೆಣ್ಣು ಗಬ್ಬವಾಗಿದ್ದಾಗ ಮುಂದಿನ ಹೊರೆಗೆ ಸಿದ್ಧವಾಗುವಂತೆ ಗಂಡಿನ ತೂಕವೂ ಏರುತ್ತದೆ. ಮನುಷ್ಯ ಈ ಚಿಕ್ಕ ಗುಂಪಿಗೆ ಸೇರಿದವನು. ಆದರೆ ಮಾರ್ಮೊಸೆಟ್ಟಿನಷ್ಟು ಕಡ್ಡಾಯವಾಗಿ ಅಲ್ಲ. ನಮ್ಮಲ್ಲಿ ಮಗುವನ್ನು ಎದೆಗವಚಿಕೊಂಡವನೂ ಇದ್ದಾನೆ, ತಿರುಗಿ ನೋಡದವನೂ ಇದ್ದಾನೆ. ಇಬ್ಬರ ದೇಹವೂ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ ಎಂಬುದು ಈಚಿನ ಎರಡು ದಶಕಗಳಲ್ಲಿ ಗೊತ್ತಾಗಿರುವ ವಿಷಯ.

ಫಿಲಿಪ್ಪೀನ್ಸ್‌ನ ಸೆಬು ನಗರದಲ್ಲಿ ನಡೆದ ಅಧ್ಯಯನ ಇದಕ್ಕೆ ತಳಪಾಯ ಹಾಕಿತು. ಲೀ ಗೆಟ್ಲರ್, ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2005ರಲ್ಲಿ 21-22ರ ಹರೆಯದ 624 ಯುವಕರ ಎಂಜಲು ಸಂಗ್ರಹಿಸಿ ಟೆಸ್ಟೋಸ್ಟಿರೋನ್ ಹಾರ್ಮೋನಿನ ಮಟ್ಟ ಅಳೆದರು. 2009ರಲ್ಲಿ ಅವರನ್ನೇ ಮತ್ತೆ ಹುಡುಕಿ ಅಳೆದರು. ಅಷ್ಟರಲ್ಲಿ ಕೆಲವರಿಗೆ ಮದುವೆಯಾಗಿ ಮಕ್ಕಳಾಗಿದ್ದವು. ಮೊದಲ ಸಲ ಟೆಸ್ಟೋಸ್ಟಿರೋನ್ ಹೆಚ್ಚಿದ್ದವರೇ ಮುಂದೆ ಅಪ್ಪಂದಿರಾಗುವ ಸಾಧ್ಯತೆ ಜಾಸ್ತಿಯಿತ್ತು. ಅಪ್ಪಂದಿರಾದ ಮೇಲೆ ಅವರಲ್ಲೇ ಅದು ಹೆಚ್ಚು ಇಳಿದಿತ್ತು. ಬೆಳಗಿನ ಮಟ್ಟದಲ್ಲಿ ಸುಮಾರು ಶೇ 26, ಸಂಜೆಯ ಮಟ್ಟದಲ್ಲಿ ಶೇ 34ರಷ್ಟು ಇಳಿಕೆ. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವಿನ ಕೆಲಸದಲ್ಲಿ ತೊಡಗಿದ್ದವರಲ್ಲಿ ಎಲ್ಲರಿಗಿಂತ ಕಡಿಮೆ. 2012ರಲ್ಲಿ ಇದೇ ತಂಡ ಇನ್ನೊಂದನ್ನು ವರದಿ ಮಾಡಿತು: ಮಗುವಿನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ಅಪ್ಪಂದಿರಲ್ಲಿ ಈ ಹಾರ್ಮೋನು, ಬೇರೆ ಮಲಗುವವರಿಗಿಂತ ಕೆಳಗಿತ್ತು. ಚಾಪೆ ಹಾಸಿ ಸಾಲಾಗಿ ಮಲಗುವ ನಮ್ಮ ಮನೆಗಳಿಗೆ ಇದು ಸಂತೋಷದ ಸುದ್ದಿ. ಟೆಸ್ಟೋಸ್ಟಿರೋನ್ ಇಳಿದರೆ ಗಂಡಸುತನ ಕುಂದಿತೆಂದು ಯಾರೂ ಭಾವಿಸಬೇಕಿಲ್ಲ. ಈ ಇಳಿಕೆ ಆರೋಗ್ಯವಂತ ದೇಹ ಹೊಸ ಕೆಲಸಕ್ಕೆ ಹೊಂದಿಕೊಳ್ಳುವ ಬಗೆ. ಪೈಪೋಟಿಗೆ ಹುರಿಗೊಂಡಿದ್ದ ದೇಹ ಸಾಕುವುದಕ್ಕೆ ಸಜ್ಜಾಗುತ್ತದೆ.

ಇದು ವಯಸ್ಸಿನಿಂದಲೋ ಮದುವೆಯಿಂದಲೋ ಆಗುವುದಲ್ಲ, ಮಗುವಿನ ಒಡನಾಟದಿಂದ ಆಗುವುದು ಎನ್ನಲು ಟಾಂಜಾನಿಯಾದ ಎರಡು ಸಮುದಾಯಗಳು ಒಳ್ಳೆಯ ಸಾಕ್ಷಿ. ಹಾಡ್ಜಾಗಳು ಬೇಟೆ, ಗೆಡ್ಡೆಗೆಣಸುಗಳಿಂದ ಬದುಕುವವರು. ಅಪ್ಪಂದಿರು ಮಕ್ಕಳನ್ನು ಎತ್ತಿಕೊಂಡು, ಆಡಿಸಿಕೊಂಡು, ಅವರೊಡನೆ ಮಲಗುತ್ತಾರೆ. ನೆರೆಯ ದಾಟೋಗಾ ದನಗಾಹಿಗಳಲ್ಲಿ ಎಳೆಮಕ್ಕಳ ಆರೈಕೆ ಹೆಂಗಸರ ಪಾಲಿನದು. ಮಾರ್ಟಿನ್ ಮುಲ್ಲರ್ ಮತ್ತಿತರರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಾಡ್ಜಾ ಅಪ್ಪಂದಿರ ಟೆಸ್ಟೋಸ್ಟಿರೋನ್ ಮಕ್ಕಳಿಲ್ಲದವರಿಗಿಂತ ಕಡಿಮೆ. ದಾಟೋಗಾಗಳಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಮಧ್ಯ ಆಫ್ರಿಕಾದ ಆಕಾ ಜನರ ನಡುವೆ ಬಾಳಿ ಬಂದ ಬ್ಯಾರಿ ಹ್ಯೂಲೆಟ್ ಬರೆಯುವಂತೆ, ಅಲ್ಲಿನ ಅಪ್ಪಂದಿರು ದಿನದ 24 ಗಂಟೆಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೊತ್ತು ಕೂಸನ್ನು ಎತ್ತಿಕೊಂಡಿರುತ್ತಾರೆ ಅಥವಾ ಅದರ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತಾರೆ. ಗಂಡಸಿಗೆ ಕೂಸು ಹಿಡಿಯಲು ಬಾರದು ಎನ್ನುವ ನಮ್ಮ ಮಾತಿಗೆ ಆಕಾ ಅಪ್ಪಂದಿರೇ ಉತ್ತರ.

ಇನ್ನೊಂದು ಹಾರ್ಮೋನು ಆಕ್ಸಿಟೋಸಿನ್. ಹೆರಿಗೆ ನೋವು, ಎದೆಹಾಲು ಎರಡಕ್ಕೂ ಬೇಕಾದದ್ದೆಂದು ಅದನ್ನು ಬಹುಕಾಲ ತಾಯಂದಿರ ಹಾರ್ಮೋನು ಎಂದೇ ಕರೆಯುತ್ತಿದ್ದರು. ಇಸ್ರೇಲಿನ ರೂತ್ ಫೆಲ್ಡ್‌ಮನ್ ತಂಡ 2010ರಲ್ಲಿ ಮೊದಲ ಮಗು ಪಡೆದ 80 ದಂಪತಿಗಳ ರಕ್ತ ಪರೀಕ್ಷಿಸಿತು. ಮಗುವಿಗೆ ಆರು ವಾರವಾದಾಗಲೂ ಆರು ತಿಂಗಳಾದಾಗಲೂ ಆಕ್ಸಿಟೋಸಿನ್ ಮಟ್ಟ ಅಪ್ಪ ಅಮ್ಮ ಇಬ್ಬರಲ್ಲೂ ಸಮಸಮ! ಅಮ್ಮನಲ್ಲಿ ಅದು ನೇವರಿಸುವ, ಮುದ್ದಿಸುವ ನಡವಳಿಕೆಗೆ ತಳುಕು ಹಾಕಿಕೊಂಡಿತ್ತು. ಅಪ್ಪನಲ್ಲಿ ಮಗುವನ್ನು ಕುಣಿಸುವ, ಆಟಿಕೆ ತೋರಿಸುವ, ಹುರಿದುಂಬಿಸುವ ನಡವಳಿಕೆಗೆ. 2014ರಲ್ಲಿ ಅದೇ ಪ್ರಯೋಗಾಲಯದ ಎಯಾಲ್ ಅಬ್ರಹಾಂ 89 ಮಂದಿ ತಂದೆತಾಯಂದಿರ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ನೋಡಿದರು. ಅವರಲ್ಲಿ ಮುಖ್ಯ ಜವಾಬ್ದಾರಿ ಹೊತ್ತ ಅಮ್ಮಂದಿರಿದ್ದರು, ಅವರಿಗೆ ನೆರವಾಗುವ ಅಪ್ಪಂದಿರಿದ್ದರು, ಇಬ್ಬರು ಗಂಡಸರೇ ಜೊತೆಯಾಗಿ ಕೂಸನ್ನು ಸಾಕುತ್ತಿದ್ದ ಮನೆಗಳ ಅಪ್ಪಂದಿರೂ ಇದ್ದರು. ಮಗುವಿನ ಸಣ್ಣ ಸದ್ದಿಗೂ ಎಚ್ಚರಗೊಳ್ಳುವ ಅಮಿಗ್ಡಲಾ ಎಂಬ ಭಾಗ ಅಮ್ಮಂದಿರಲ್ಲಿ ಚುರುಕಾಗಿತ್ತು. ನೆರವಿನ ಅಪ್ಪಂದಿರಲ್ಲಿ ಅಷ್ಟಿರಲಿಲ್ಲ. ಆದರೆ ಮುಖ್ಯ ಜವಾಬ್ದಾರಿಯನ್ನು ತಾವೇ ಹೊತ್ತ ಅಪ್ಪಂದಿರ ಅಮಿಗ್ಡಲಾ ಅಮ್ಮಂದಿರಷ್ಟೇ ಚುರುಕು. ಇತರರ ಮನಸ್ಸನ್ನು ಓದಲು ನೆರವಾಗುವ ಮಿದುಳಿನ ಇನ್ನೊಂದು ಭಾಗಕ್ಕೂ ಅಮಿಗ್ಡಲಾಕ್ಕೂ ನಡುವಣ ನಂಟು, ಮಗುವಿನ ಆರೈಕೆಯಲ್ಲಿ ಅಪ್ಪ ಕಳೆದ ಹೊತ್ತು ಹೆಚ್ಚಿದಷ್ಟೂ ಬಲವಾಗಿತ್ತು. ತಾಯಿಯ ದೇಹವನ್ನು ಬಸಿರು ಬಾಣಂತನಗಳು ಸಜ್ಜುಗೊಳಿಸುತ್ತವೆ. ಅಪ್ಪನಿಗೆ ಆ ದಾರಿಯಿಲ್ಲ. ಅವನನ್ನು ಸಜ್ಜುಗೊಳಿಸುವುದು ಮಗುವಿನ ಜೊತೆ ಕಳೆದ ಗಂಟೆಗಳು.

ಆ ಗಂಟೆಗಳು ದೊಡ್ಡ ಕೆಲಸಗಳವೇನಲ್ಲ. ಚಿಕ್ಕವಳಿಗೆ ಬೆಳಿಗ್ಗೆ ಜಡೆ ಹಾಕುವುದು ನಮ್ಮ ಮನೆಯಲ್ಲಿ ನನ್ನ ಪಾಲಿನದು. ಮೊದಲು ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಆಮೇಲೆ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಬುಡದಿಂದ ಎಳೆದರೆ ಕೂಗಾಟ. ಬೈತಲೆ ನೆಟ್ಟಗೆ ತೆಗೆದು, ಎರಡು ಪಾಲು ಮಾಡಿ, ಒಂದೊಂದರಲ್ಲಿ ಮೂರು ಎಳೆ. ಕೊನೆಯ ಹೆಣಿಗೆಗೆ ರಿಬ್ಬನ್ ಸೇರಿಸಿ ಮಡಚಿ ಕಟ್ಟುವಾಗ ಅವಳು ಗೋಡೆಯ ಕಡೆ ನೋಡುತ್ತಾ ಕೇಳುತ್ತಾಳೆ: "ಅಪ್ಪಾ, ನಿದ್ದೆ ಮಾಡುವಾಗ ನಾನು ಎಲ್ಲಿರ್ತೀನಿ?" ಕೈ ಕೂದಲಲ್ಲಿದ್ದಾಗ ಬರುವ ಇಂಥ ಪ್ರಶ್ನೆಗಳು ಊಟದ ಹೊತ್ತಿಗೆ ಬರುವುದಿಲ್ಲ. ಅದಕ್ಕೊಂದು ಕಾರಣವನ್ನು ಚರ್ಮದ ಕೆಳಗೆ ಹುಡುಕಬಹುದು. ನಮ್ಮ ರೋಮವಿರುವ ಚರ್ಮದಲ್ಲಿ ನಿಧಾನವಾಗಿ ಸುದ್ದಿ ಒಯ್ಯುವ ಒಂದು ಬಗೆಯ ನರತಂತುಗಳಿವೆ. ಚುಚ್ಚಿದ್ದು, ಒತ್ತಿದ್ದು ಅವಕ್ಕೆ ಮುಖ್ಯವಲ್ಲ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಯ ಬೆಚ್ಚಗಿನ ಕೈ ನೇವರಿಸಿದಾಗ ಅವು ಅತಿ ಹೆಚ್ಚು ಮಿಡಿಯುತ್ತವೆ. ಸ್ವೀಡನ್ನಿನ ಹೋಕನ್ ಉಲಾಸನ್ ಮತ್ತು ಜೊತೆಗಾರರು ಇವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಯಾರೂ ಹೇಳಿಕೊಡದಿದ್ದರೂ ತಂದೆತಾಯಂದಿರು ಕೂಸನ್ನು ಸವರುವ ವೇಗ ಹೆಚ್ಚಾಗಿ ಇದೇ ಮಿತಿಯೊಳಗಿರುತ್ತದೆ.

ಮಗಳಾದರೆ ಅಪ್ಪ ಬೇರೆ ಥರ ಇರುತ್ತಾನೆಯೆ? ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಜೆನ್ನಿಫರ್ ಮಸ್ಕಾರೊ ಇದನ್ನು ಅಪ್ಪಂದಿರನ್ನು ಕೇಳಿ ತಿಳಿಯಲು ಹೋಗಲಿಲ್ಲ. ಕೇಳಿದರೆ ಎಲ್ಲರೂ ಮಕ್ಕಳೆಲ್ಲ ಒಂದೇ ಎನ್ನುತ್ತಾರೆ. ಒಂದೆರಡು ವರ್ಷದ ಮಕ್ಕಳಿರುವ 52 ಅಪ್ಪಂದಿರ ಸೊಂಟದ ಪಟ್ಟಿಗೆ ಪುಟ್ಟ ರೆಕಾರ್ಡರ್ ಸಿಕ್ಕಿಸಿದರು. ಅದು ಪ್ರತಿ 9 ನಿಮಿಷಕ್ಕೊಮ್ಮೆ 50 ಸೆಕೆಂಡಿನ ಸದ್ದನ್ನು ತಾನಾಗಿಯೇ ಹಿಡಿದಿಡುತ್ತಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಅತ್ತಾಗ, ಕರೆದಾಗ ಮಗಳ ಅಪ್ಪಂದಿರು ಹೆಚ್ಚು ಓಗೊಡುತ್ತಿದ್ದರು. ಹೆಚ್ಚು ಹಾಡುತ್ತಿದ್ದರು. ದುಃಖ, ಬೇಸರಗಳ ಬಗ್ಗೆ, ಕೆನ್ನೆ, ಹೊಟ್ಟೆ, ಪಾದಗಳ ಬಗ್ಗೆ ಮಾತಾಡುತ್ತಿದ್ದರು. 'ಎಲ್ಲ', 'ಕೆಳಗೆ', 'ತುಂಬಾ' ಥರದ, ಮುಂದೆ ಓದಿಗೆ ಒದಗುವ ವಿಶ್ಲೇಷಣೆಯ ಪದಗಳನ್ನು ಹೆಚ್ಚು ಬಳಸುತ್ತಿದ್ದರು. ಗಂಡುಮಗುವಿನ ಅಪ್ಪಂದಿರು ಗುದ್ದಾಟ ಉರುಳಾಟಕ್ಕೆ ಹೆಚ್ಚು ಇಳಿಯುತ್ತಿದ್ದರು, ಗೆಲುವು, ಹೆಮ್ಮೆ, ಮೇಲುಗೈ ಅವರ ಮಾತಿನಲ್ಲಿ ಜಾಸ್ತಿ. ಮಿದುಳಿನ ಚಿತ್ರದಲ್ಲಿ ಮಗಳ ನಗುಮುಖಕ್ಕೆ ಅಪ್ಪನ ಮಿದುಳು ಹೆಚ್ಚು ಮಿಡಿದರೆ, ಮಗನ ವಿಷಯದಲ್ಲಿ ಭಾವವಿಲ್ಲದ ಮುಖಕ್ಕೆ ಹೆಚ್ಚು ಮಿಡಿಯಿತು. ಇದು ಹುಟ್ಟಿನಿಂದ ಬಂದದ್ದೋ ಸಮಾಜ ಕಲಿಸಿದ್ದೋ ಎಂದು ಇಷ್ಟರಿಂದಲೇ ಹೇಳಲಾಗದು. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆ ಕಳೆದುಕೊಳ್ಳುವುದಿದೆ. ಮಗನಿಗೂ ಹಾಡು ಬೇಕು, ಬೇಸರಕ್ಕೆ ಹೆಸರು ಬೇಕು. ಮಗಳಿಗೂ ಅಪ್ಪನ ಹೆಗಲ ಮೇಲಿಂದ ಹಾಸಿಗೆಗೆ ಧುಮುಕುವ ಸುಖ ಬೇಕು. ಇಂಥ ಉರುಳಾಟದಲ್ಲೇ ಮಕ್ಕಳು ತಮ್ಮ ಬಲದ ಅಂದಾಜು, ನಿಲ್ಲಿಸು ಎಂದರೆ ನಿಲ್ಲಿಸುವ ಹದ ಎರಡನ್ನೂ ಕಲಿಯುತ್ತಾರೆ.

ಹೆಣ್ಣುಮಕ್ಕಳನ್ನು ಮನಸಾರೆ ನೋಡುತ್ತ ಕೂತ ಅಪ್ಪನೊಬ್ಬನಿಂದ ಒಂದು ಇಡೀ ಶಾಸ್ತ್ರವೇ ಬೆಳೆದ ಉದಾಹರಣೆಯೂ ಇದೆ. ಸ್ವಿಟ್ಜರ್ಲೆಂಡಿನ ಜಾನ್ ಪಿಯಾಜೆ ಹರೆಯದಲ್ಲಿ ಸರೋವರದ ಬಸವನಹುಳುಗಳ ಅಧ್ಯಯನ ಮಾಡಿದವರು. 1925ರಲ್ಲಿ ಹಿರಿಯ ಮಗಳು ಜಾಕ್ವೆಲೀನ್, 1927ರಲ್ಲಿ ಲೂಸಿಯೆನ್, 1931ರಲ್ಲಿ ಮಗ ಲೊರಾಂ ಹುಟ್ಟಿದರು. ಹುಳುಗಳನ್ನು ನೋಡಿದ ಕಣ್ಣಿನಿಂದಲೇ ಪಿಯಾಜೆ ಮತ್ತು ಅವರ ಪತ್ನಿ ವ್ಯಾಲೆಂಟೀನ್ ಮಕ್ಕಳನ್ನು ನೋಡಿದರು. ದಿನಾಂಕ ಹಾಕಿ ಬರೆದಿಟ್ಟರು. ಏಳು ತಿಂಗಳ ಜಾಕ್ವೆಲೀನ್ ಹೊದಿಕೆಯ ಮೇಲಿನ ಬಾತುಕೋಳಿ ಗೊಂಬೆಗೆ ಕೈಚಾಚುತ್ತಾಳೆ. ಗೊಂಬೆ ಜಾರಿ ಹೊದಿಕೆಯ ಮಡಿಕೆಯ ಹಿಂದೆ ಬೀಳುತ್ತದೆ, ಅವಳ ಕೈಗೆ ಎಟುಕುವಷ್ಟೇ ದೂರದಲ್ಲಿ. ಬೀಳುವುದನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಆದರೂ ಕಣ್ಣಿಗೆ ಮರೆಯಾದ ಗಳಿಗೆಯಿಂದ ಹುಡುಕಾಟವೇ ಇಲ್ಲ, ಗೊಂಬೆ ಲೋಕದಿಂದಲೇ ಅಳಿಸಿಹೋಯಿತೇನೋ ಎಂಬಂತೆ. ಮರೆಯಾದದ್ದೂ ಇರುತ್ತದೆ ಎಂಬ ಅರಿವು ಹುಟ್ಟಿನೊಂದಿಗೆ ಬರುವುದಿಲ್ಲ, ಮಗು ಅದನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ಪಿಯಾಜೆಯ ವಾದ ಇಂಥ ಆಟಗಳಿಂದ ಹುಟ್ಟಿತು.

ನನಗೆ ಅದಕ್ಕಿಂತಲೂ ಇಷ್ಟವಾದದ್ದು ಲೂಸಿಯೆನ್ ಮತ್ತು ಬೆಂಕಿಪೊಟ್ಟಣದ ಘಟನೆ. ಅವಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಅಪ್ಪ ಗಡಿಯಾರದ ಸರಪಣಿಯನ್ನು ಖಾಲಿ ಬೆಂಕಿಪೊಟ್ಟಣದೊಳಗೆ ಇಟ್ಟು, ಮೂರು ಮಿಲಿಮೀಟರಿನಷ್ಟು ಸಂದಿ ಬಿಟ್ಟು ಮುಚ್ಚಿದರು. ಪೊಟ್ಟಣ ಬೋರಲು ಹಾಕುವುದು ಅವಳಿಗೆ ಗೊತ್ತು, ಸಂದಿಯಲ್ಲಿ ಬೆರಳು ತೂರಿಸುವುದೂ ಗೊತ್ತು. ಎರಡೂ ಉಪಯೋಗಕ್ಕೆ ಬರಲಿಲ್ಲ. ಆಗ ಅವಳು ಕೈಯಾಟ ನಿಲ್ಲಿಸಿ ಆ ಸಂದಿಯನ್ನೇ ದಿಟ್ಟಿಸಿ ನೋಡಿದಳು. ನೋಡುತ್ತಲೇ ತನ್ನ ಬಾಯಿಯನ್ನು ತೆರೆದು ಮುಚ್ಚಿದಳು. ಮೊದಲು ಸ್ವಲ್ಪ, ಆಮೇಲೆ ಇನ್ನೂ ಅಗಲ, ಮತ್ತೂ ಅಗಲ. ಮರುಕ್ಷಣ ಬೆರಳನ್ನು ಸಂದಿಗೆ ಹಾಕಿ ಪೊಟ್ಟಣವನ್ನು ಎಳೆದು ತೆರೆದು ಸರಪಣಿ ಹಿಡಿದುಕೊಂಡಳು. ಯೋಚನೆಗೆ ಇನ್ನೂ ಮಾತು ಸಿಗದ ವಯಸ್ಸಿನಲ್ಲಿ ಮಗು ತನ್ನ ಬಾಯಿಯಿಂದ ಯೋಚಿಸಿತ್ತು. ಎದುರಿಗೆ ಕೂತಿದ್ದ ಅಪ್ಪ ಆ ಬಾಯಿಯನ್ನು ಗಮನಿಸಿದ್ದರಿಂದ ಮನುಷ್ಯನ ಮನಸ್ಸಿನ ಬಗ್ಗೆ ನಮಗೆ ಒಂದು ಹೊಸ ಸಂಗತಿ ತಿಳಿಯಿತು. ಇದೇ ಲೂಸಿಯೆನ್ ಮುಂದೆ, ಒಂದು ದಿನ ಮಧ್ಯಾಹ್ನದ ನಿದ್ದೆ ತಪ್ಪಿದ್ದಕ್ಕೆ, ತಾನಿನ್ನೂ ಮಲಗಿಲ್ಲವಾದ್ದರಿಂದ ಮಧ್ಯಾಹ್ನವೇ ಆಗಿಲ್ಲ ಎಂದು ವಾದಿಸಿದ್ದಳು. ಮೂರು ಮಕ್ಕಳಿಂದ ಮನುಕುಲದ ಬಗ್ಗೆ ತೀರ್ಮಾನಿಸಬಹುದೆ ಎಂಬ ಆಕ್ಷೇಪ ನ್ಯಾಯವಾದದ್ದೇ. 1985ರಿಂದೀಚೆಗೆ ರೆನೆ ಬಯಾರ್ಜನ್ ಮತ್ತಿತರರು, ಐದು ತಿಂಗಳ ಕೂಸಿಗೂ ಮರೆಯಾದ ವಸ್ತುವಿನ ಅರಿವು ಒಂದಿಷ್ಟು ಇದೆಯೆಂದು ತೋರಿಸಿ ಪಿಯಾಜೆಯ ವಯಸ್ಸಿನ ಲೆಕ್ಕವನ್ನು ತಿದ್ದಿದ್ದಾರೆ. ಆದರೂ ಅಷ್ಟು ತಾಳ್ಮೆಯಿಂದ, ಅಷ್ಟು ಗೌರವದಿಂದ ತನ್ನ ಮಗಳ ತಪ್ಪು ಉತ್ತರಗಳನ್ನು ಕೇಳಿಸಿಕೊಂಡ ಅಪ್ಪ ವಿಜ್ಞಾನದ ಚರಿತ್ರೆಯಲ್ಲಿ ಇನ್ನೊಬ್ಬ ನನಗೆ ಕಂಡಿಲ್ಲ.

ಕೇಳಿಸಿಕೊಳ್ಳುವುದರ ಜೊತೆಗೆ ಹೇಳುವುದೂ ಇದೆ. ಅಪ್ಪ ಬಳಸುವ ಶಬ್ದಸಂಪತ್ತು ಮಗುವಿನ ಭಾಷೆಯನ್ನು ಬೆಳೆಸುತ್ತದೆಂದು ನದ್ಯಾ ಪ್ಯಾಂಕ್ಸೊಫರ್ ಮತ್ತು ಲಿನ್ ವರ್ನನ್-ಫೀಗನ್ಸ್ 2006ರಲ್ಲಿ ವರದಿ ಮಾಡಿದರು. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳಲ್ಲಿ, ಎರಡು ವರ್ಷದ ಮಗುವಿನೊಡನೆ ಅಪ್ಪ ಆಡಿದ ಬಗೆಬಗೆಯ ಪದಗಳು ಮೂರನೆಯ ವರ್ಷದ ಅದರ ಮಾತುಗಾರಿಕೆಗೆ ಸೂಚಕವಾಗಿದ್ದವು. ಆದರೆ ನಾವು ಏನನ್ನು ಯಾರಿಗೆ ವಿವರಿಸುತ್ತೇವೆ ಎಂಬಲ್ಲಿ ಒಂದು ನೋವಿನ ಸಂಗತಿ ಅಡಗಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಮಕ್ಕಳ ವಸ್ತುಸಂಗ್ರಹಾಲಯವೊಂದರಲ್ಲಿ ಕೆವಿನ್ ಕ್ರೌಲಿ, ಮೊರೀನ್ ಕ್ಯಾಲನನ್ ಮತ್ತು ಸಂಗಡಿಗರು ಕುಟುಂಬಗಳ ಮಾತುಕತೆಯನ್ನು ಚಿತ್ರೀಕರಿಸಿಕೊಂಡರು. ಹುಡುಗರೂ ಹುಡುಗಿಯರೂ ಒಂದೇ ಉತ್ಸಾಹದಿಂದ ಯಂತ್ರಗಳ ಹಿಡಿಕೆ ತಿರುಗಿಸುತ್ತಿದ್ದರು. ಯಂತ್ರ ಹೇಗೆ ಬಳಸಬೇಕೆಂದು ದೊಡ್ಡವರು ಇಬ್ಬರಿಗೂ ಹೇಳುತ್ತಿದ್ದರು. ಆದರೆ ಅದು ಯಾಕೆ ಹಾಗೆ ನಡೆಯುತ್ತದೆ ಎಂಬ ವಿವರಣೆ ಮಾತ್ರ ಹುಡುಗರಿಗೆ ಹುಡುಗಿಯರಿಗಿಂತ ಮೂರು ಪಟ್ಟು ಹೆಚ್ಚು ಸಿಗುತ್ತಿತ್ತು. ಅಪ್ಪ, ಅಮ್ಮ ಇಬ್ಬರಲ್ಲೂ ಇದೇ ರೀತಿ. ಮಕ್ಕಳು ಮೂರು ವರ್ಷದೊಳಗಿನವರಾಗಿದ್ದಾಗಲೂ ಹೀಗೆಯೇ. 2001ರಲ್ಲಿ ಪ್ರಕಟವಾದ ಈ ಅಧ್ಯಯನದ ತಂದೆತಾಯಂದಿರು ಮಗಳನ್ನು ಕಡೆಗಣಿಸಿದವರಲ್ಲ; ಪ್ರೀತಿಯಿಂದ ಕೈಹಿಡಿದು ವಸ್ತುಸಂಗ್ರಹಾಲಯಕ್ಕೆ ಕರೆತಂದವರು. 'ಯಾಕೆ' ಎಂಬುದು ಅವಳಿಗೆ ಬೇಕಿಲ್ಲವೆಂದು ಅವರಿಗೇ ಅರಿವಿಲ್ಲದೆ ತೀರ್ಮಾನವಾಗಿಬಿಟ್ಟಿತ್ತು.

ಮಗಳು ಅಪ್ಪನನ್ನು ಬದಲಿಸುವುದು ಮನೆಯೊಳಗಷ್ಟೇ ಅಲ್ಲ ಎಂದು ಹೇಳುವ ಅಧ್ಯಯನಗಳೂ ಇವೆ. ಅಮೆರಿಕದ ಸಂಸತ್ ಸದಸ್ಯರ ಮತಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞೆ ಎಬೊನ್ಯಾ ವಾಷಿಂಗ್ಟನ್, ಮಕ್ಕಳ ಸಂಖ್ಯೆ ಸಮನಾಗಿದ್ದಾಗ ಅವರಲ್ಲಿ ಹೆಣ್ಣುಮಕ್ಕಳು ಹೆಚ್ಚಿದ್ದಷ್ಟೂ ಮಹಿಳೆಯರ ಹಕ್ಕುಗಳ ಪರವಾದ ಮತ ಹೆಚ್ಚುತ್ತದೆಂದು 2008ರಲ್ಲಿ ತೋರಿಸಿದರು. 2015ರಲ್ಲಿ ಆಡಂ ಗ್ಲಿನ್, ಮಾಯಾ ಸೇನ್ ಅಲ್ಲಿನ ನ್ಯಾಯಾಧೀಶರ ತೀರ್ಪುಗಳಲ್ಲೂ ಇಂಥದೇ ಒಲವು ಕಂಡರು. ಹೆಣ್ಣಿನ ಪಾಡು ಅರ್ಥವಾಗಲು ಸ್ವಂತ ಮಗಳೇ ಹುಟ್ಟಬೇಕಾಗಿರಬಾರದು. ಆದರೂ ಪುಟ್ಟ ಹುಡುಗಿಯೊಬ್ಬಳ ಶಾಲೆಯ ಚೀಲ ಹಿಡಿದು ನಡೆಯುವಾಗ ರಸ್ತೆ, ಬಸ್ಸು, ಶೌಚಾಲಯ, ಕತ್ತಲಾಗುವ ಹೊತ್ತು ಎಲ್ಲವೂ ಅಪ್ಪನಿಗೆ ಬೇರೆಯಾಗಿ ಕಾಣುತ್ತವೆಂಬುದು ನನ್ನ ಅನುಭವ ಕೂಡ.

ಇಷ್ಟೆಲ್ಲ ಆಗಬೇಕಾದರೆ ಅಪ್ಪನಿಗೆ ಹೊತ್ತು ಬೇಕು. ಸ್ವೀಡನ್ 1974ರಲ್ಲೇ ತಾಯಿಯ ರಜೆಯನ್ನು ತಂದೆತಾಯಂದಿರ ರಜೆಯಾಗಿ ಮಾಡಿತು. 1995ರಲ್ಲಿ ಅದರ ಒಂದು ತಿಂಗಳನ್ನು ಅಪ್ಪನಿಗೇ ಮೀಸಲಿಟ್ಟಿತು. ಈಗ ಅಲ್ಲಿ ಒಟ್ಟು 480 ದಿನಗಳ ರಜೆಯಲ್ಲಿ 90 ದಿನ ಅಪ್ಪನದು, ಅವನು ತೆಗೆದುಕೊಳ್ಳದಿದ್ದರೆ ನಷ್ಟವಾಗುವುದೇ ಸರಿ. ನಮ್ಮಲ್ಲಿ 2017ರ ತಿದ್ದುಪಡಿ ತಾಯಂದಿರ ರಜೆಯನ್ನು 26 ವಾರಕ್ಕೆ ಏರಿಸಿತು, ಅದು ಒಳ್ಳೆಯ ಕೆಲಸ. ಕೇಂದ್ರ ಸರ್ಕಾರಿ ನೌಕರರಾದ ಅಪ್ಪಂದಿರಿಗೆ ಸಿಗುವುದು 15 ದಿನ. ಖಾಸಗಿ ಕಂಪನಿ, ಅಂಗಡಿ, ಕಾರ್ಖಾನೆಗಳ ಅಪ್ಪಂದಿರಿಗೆ ಇಷ್ಟು ದಿನ ಕೊಡಲೇಬೇಕೆಂಬ ಕಾನೂನಿಲ್ಲ. ಅಪ್ಪನ ಮಿದುಳನ್ನೂ ರಕ್ತವನ್ನೂ ರೂಪಿಸುವುದು ಮಗುವಿನ ಜೊತೆಗಿನ ಹೊತ್ತು ಎಂದು ಗೊತ್ತಾದ ಮೇಲೂ ಆ ಹೊತ್ತನ್ನು ಕಾನೂನು ಕೊಡದಿರುವುದು ಸರಿಯಲ್ಲ.

ಆದ್ದರಿಂದ ರಜೆ ಸಿಗುವವರು ಅದನ್ನು ಒಂದು ದಿನವೂ ಬಿಡದೆ ತೆಗೆದುಕೊಳ್ಳಿ. ಸಿಗದವರು ಕೇಳಿ, ನಿಮ್ಮ ಸಂಘಗಳ ಮೂಲಕ ಕೇಳಿಸಿ. ಕೂಸಿದ್ದಾಗ ನೀವೇ ಎತ್ತಿಕೊಳ್ಳಿ, ಜಡೆ ಬೆಳೆದಾಗ ಹೆಣೆಯಲು ಕಲಿಯಿರಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೋ ನಿಮ್ಮೂರಿನ ವಿಜ್ಞಾನ ಕೇಂದ್ರಕ್ಕೋ ಮಗಳನ್ನು ಕರೆದುಕೊಂಡು ಹೋದಾಗ ಫೋಟೊ ತೆಗೆದು ಮುಂದಿನ ಕೋಣೆಗೆ ನಡೆದುಬಿಡಬೇಡಿ. ಅವಳು ಯಂತ್ರದ ಹಿಡಿಕೆ ತಿರುಗಿಸಿದರೆ ಅದು ಯಾಕೆ ಹಾಗೆ ನಡೆಯಿತು ಎಂಬುದನ್ನೂ ಹೇಳಿ. ನಿಮಗೆ ಗೊತ್ತಿಲ್ಲದಿದ್ದರೆ ಪಕ್ಕದ ಫಲಕವನ್ನು ಇಬ್ಬರೂ ಸೇರಿ ಓದಿ.